ಮಧುಮೇಹಿಗಳ ಬಂಧು ಫ್ರೆಡರಿಕ್ ಬ್ಯಾಂಟಿಂಗ್

ಕೃಷ್ಣರಾಜಸಾಗರದಿಂದ ಹೊರಟ ಕಾವೇರಿಯ ನೀರು ವಿಶ್ವೇಶ್ವರಯ್ಯ ನಾಲೆಯ ಮೂಲಕ ಹರಿದು ಬಂದ ಮೇಲೆ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಸ್ವರೂಪವೇ ಬದಲಾಯಿತು. ಮಳೆಯನ್ನು ನೆಚ್ಚಿ ರಾಗಿಯನ್ನು ಬೆಳೆಯುತ್ತಿದ್ದ ಹೊಲಗಳಲ್ಲಿ ಬತ್ತವೂ ಕಬ್ಬೂ ತಲೆಯೆತ್ತಿದುವು. ಹಳ್ಳಿಹಳ್ಳಿಗಳಲ್ಲಿ ಆಲೆಮನೆಗಳ ಒಲೆಗಳು ಉರಿದುವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಾರ್ಖಾನೆ ಸ್ಥಾಪಿತವಾಯಿತು. ಈ ಕಾರ್ಖಾನೆಯ ಸ್ಥಾಪನೆಗಾಗಿ ದುಡಿದವರಲ್ಲಿ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ನಿರ್ದೇಶಕನಾಗಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಯ ಪಾತ್ರ ದೊಡ್ಡದು. ಆತನು ದೂರದ ಕೆನಡಾ ದೇಶದ ಆಂಟೇರಿಯೊ ಪ್ರಾಂತದಲ್ಲಿ ಹುಟ್ಟಿ, ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದವನು.

ಅದೇ ಆಂಟೇರಿಯೊ ಪ್ರಾಂತದಲ್ಲಿ, ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿದ ಇನ್ನೊಬ್ಬನಿಗೂ ಸಕ್ಕರೆಗೂ ಬೇರೊಂದು ಬಗೆಯ ನಂಟು ಇದೆ. ನೆಲದಿಂದ ಸಕ್ಕರೆಯನ್ನು ಪಡೆಯಲು ಕೋಲ್ಮನ್ ನೆರವಾದರೆ, ಮನುಷ್ಯನ ರಕ್ತದಲ್ಲಿ ಮಿತಿಮೀರಿ ತುಂಬಿಕೊಂಡು ಪ್ರಾಣಕ್ಕೆ ಕುತ್ತಾಗುವ ಸಕ್ಕರೆಯನ್ನು ಹತೋಟಿಗೆ ತರಲು ಈತನು ಜಗತ್ತಿಗೆ ದಾರಿ ತೋರಿದನು. ಆತನೇ ಫ್ರೆಡರಿಕ್ ಗ್ರಾಂಟ್ ಬ್ಯಾಂಟಿಂಗ್. ಇಂದು ಮಂಡ್ಯದ ದೊಡ್ಡ ಆಸ್ಪತ್ರೆಯಲ್ಲಾಗಲಿ, ಮದ್ದೂರು ಮಳವಳ್ಳಿಗಳ ಸರ್ಕಾರಿ ಆಸ್ಪತ್ರೆಗಳಲ್ಲಾಗಲಿ ಮಧುಮೇಹದ ರೋಗಿಯೊಬ್ಬನಿಗೆ ಇನ್ಸುಲಿನ್ ಎಂಬ ಔಷಧವನ್ನು ಚುಚ್ಚುವಾಗ, ಅದರ ಹಿಂದೆ ಈ ಮನುಷ್ಯನ ಛಲದ ಕಥೆಯಿದೆ.

ಮಧುಮೇಹವು ಹೊಸ ರೋಗವಲ್ಲ. ಪ್ರಾಚೀನ ಭಾರತದ ವೈದ್ಯರು ಅದನ್ನು ಗುರುತಿಸಿದ್ದರು. ರೋಗಿಯ ಮೂತ್ರವು ಜೇನಿನಂತೆ ಸಿಹಿಯಾಗಿರುವುದನ್ನೂ ಅದಕ್ಕೆ ಇರುವೆಗಳು ಮುತ್ತುವುದನ್ನೂ ಕಂಡೇ ಅದಕ್ಕೆ ಆ ಹೆಸರನ್ನು ಕೊಟ್ಟರು. ಹೆಸರು ಮಧುರವಾದರೂ ರೋಗ ಕ್ರೂರವಾದುದು. ಅದರಲ್ಲಿಯೂ ಎಳೆಯ ಮಕ್ಕಳಿಗೆ ಈ ರೋಗ ಬಂದಿತೆಂದರೆ ಮರಣವೇ ಗತಿ ಎಂಬ ಸ್ಥಿತಿ ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಇದ್ದಿತು. ಮಗುವಿಗೆ ಎಷ್ಟು ಕುಡಿದರೂ ತೀರದ ಬಾಯಾರಿಕೆ. ಎಷ್ಟು ಉಂಡರೂ ಅಡಗದ ಹಸಿವು. ಆದರೂ ದೇಹ ದಿನದಿನಕ್ಕೆ ಸೊರಗಿ ಎಲುಬಿನ ಗೂಡಾಗುತ್ತಿತ್ತು. ಕೊನೆಗೆ ಪ್ರಜ್ಞೆ ತಪ್ಪಿ, ಮತ್ತೆ ಏಳದೆ ಮಗು ಸಾಯುತ್ತಿತ್ತು.

ಇದಕ್ಕೆ ಕಾರಣವೇನು? ನಾವು ಉಣ್ಣುವ ಮುದ್ದೆಯಾಗಲಿ ಅನ್ನವಾಗಲಿ ಜೀರ್ಣವಾದ ಮೇಲೆ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ದೇಹದ ಅಸಂಖ್ಯಾತ ಜೀವಕೋಶಗಳಿಗೆ ಇದೇ ಮುಖ್ಯ ಆಹಾರ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ತೂಬನ್ನು ತೆರೆಯದಿದ್ದರೆ ಪಕ್ಕದ ಗದ್ದೆ ಒಣಗಿಹೋಗುತ್ತದೆಯಷ್ಟೆ. ಹಾಗೆಯೇ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಸ್ನಾಯು ಮೊದಲಾದ ಭಾಗಗಳ ಜೀವಕೋಶಗಳ ಬಾಗಿಲು ತೆರೆಯದಿದ್ದರೆ ದೇಹ ಉಪವಾಸ ಬೀಳುತ್ತದೆ. ಆ ತೂಬನ್ನು ತೆರೆಯುವ ಕೆಲಸವನ್ನು ಮಾಡುವ ರಸವೇ ಇನ್ಸುಲಿನ್. ಅದು ಜಠರದ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ ಉತ್ಪತ್ತಿಯಾಗುತ್ತದೆ. ಅದು ಇಲ್ಲವಾದಾಗ ಬಳಕೆಯಾಗದ ಸಕ್ಕರೆ ಮೂತ್ರದೊಡನೆ ಹೊರಗೆ ಹೋಗುತ್ತದೆ. ದೇಹವು ತನ್ನ ಕೊಬ್ಬನ್ನೇ ಉರಿಸಿಕೊಳ್ಳತೊಡಗುತ್ತದೆ. ಅದರಿಂದ ಹುಟ್ಟುವ ಆಮ್ಲಗಳು ರಕ್ತವನ್ನು ಕೆಡಿಸುತ್ತವೆ.

ಈ ರಹಸ್ಯದ ಅರ್ಧಭಾಗ ಬ್ಯಾಂಟಿಂಗನಿಗಿಂತ ಮೊದಲೇ ಬಯಲಾಗಿತ್ತು. 1869ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ತರುಣನು ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತೆ ಅಲ್ಲಲ್ಲಿ ಗುಂಪುಗೂಡಿರುವ ವಿಶೇಷ ಜೀವಕೋಶಗಳನ್ನು ಕಂಡಿದ್ದನು. 1889ರಲ್ಲಿ ಮೆರಿಂಗ್ ಮತ್ತು ಮಿಂಕೋವ್‌ಸ್ಕಿ ಎಂಬ ವಿಜ್ಞಾನಿಗಳು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹ ಬಂದಿತು. ಈ ಗ್ರಂಥಿಯಲ್ಲಿ ಸಕ್ಕರೆಯನ್ನು ನಿಯಂತ್ರಿಸುವ ವಸ್ತುವೊಂದು ಇದೆಯೆಂದು ಎಲ್ಲರೂ ಊಹಿಸಿದರು. ಆದರೆ ಅದನ್ನು ಹೊರತೆಗೆದು ರೋಗಿಗೆ ಕೊಡಲು ಯಾರಿಗೂ ಸಾಧ್ಯವಾಗಿರಲಿಲ್ಲ. ವೈದ್ಯರ ಕೈಯಲ್ಲಿದ್ದ ಏಕೈಕ ಉಪಾಯವೆಂದರೆ ಉಪವಾಸ. ರೋಗಿಯ ಆಹಾರವನ್ನು ಬಹುವಾಗಿ ಕಡಿಮೆ ಮಾಡಿದರೆ ಸಾವು ಕೆಲವು ತಿಂಗಳು ಮುಂದೆ ಹೋಗುತ್ತಿತ್ತು. ಹಸಿವಿನಿಂದ ಅಳುವ ಮಗುವಿಗೆ ಅನ್ನವನ್ನು ಕೊಡದೆ ಕಾಪಾಡಬೇಕಾದ ತಾಯಂದಿರ ಸಂಕಟವನ್ನು ಊಹಿಸಿಕೊಳ್ಳುವುದೂ ಕಷ್ಟ.

ಇಂತಹ ಕಾಲದಲ್ಲಿ, 1891ನೆಯ ನವೆಂಬರ್ 14ರಂದು, ಆಂಟೇರಿಯೊ ಪ್ರಾಂತದ ಅಲಿಸ್ಟನ್ ಎಂಬ ಊರಿನ ಬಳಿಯ ಒಂದು ಬೇಸಾಯಗಾರರ ಮನೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಜನಿಸಿದನು. ತಂದೆ ವಿಲಿಯಂ, ತಾಯಿ ಮಾರ್ಗರೆಟ್. ಮನೆಯ ಮಕ್ಕಳಲ್ಲಿ ಈತನೇ ಕೊನೆಯವನು. ಹೊಲದ ಕೆಲಸ, ದನಕುದುರೆಗಳ ಆರೈಕೆ ಇವುಗಳ ನಡುವೆ ಬೆಳೆದ ಬಾಲಕನು ದೃಢಕಾಯನೂ ಸಂಕೋಚ ಸ್ವಭಾವದವನೂ ಆಗಿದ್ದನು. ವಿದ್ಯೆಯಲ್ಲಿ ಆತನು ಅಸಾಧಾರಣನೇನೂ ಆಗಿರಲಿಲ್ಲ. ಅಕ್ಷರಗಳನ್ನು ತಪ್ಪಿಲ್ಲದೆ ಜೋಡಿಸಿ ಬರೆಯುವುದು ಜೀವಮಾನದ ಉದ್ದಕ್ಕೂ ಆತನಿಗೆ ಕಷ್ಟವಾಗಿಯೇ ಉಳಿಯಿತು.

ಮಗನು ಧರ್ಮೋಪದೇಶಕನಾಗಬೇಕೆಂಬುದು ತಂದೆತಾಯಿಗಳ ಬಯಕೆ. ಅದರಂತೆ 1910ರಲ್ಲಿ ಆತನು ಟೊರಾಂಟೊ ವಿಶ್ವವಿದ್ಯಾನಿಲಯವನ್ನು ಸೇರಿ ಸಾಹಿತ್ಯಾದಿ ವಿಷಯಗಳನ್ನು ಓದತೊಡಗಿದನು. ಆದರೆ ಮೊದಲ ವರ್ಷದಲ್ಲಿಯೇ ಅನುತ್ತೀರ್ಣನಾದನು. ಅದರಿಂದ ಧೃತಿಗೆಡದೆ ತನ್ನ ಮನಸ್ಸು ಒಲಿದ ದಾರಿ ಯಾವುದೆಂದು ವಿಚಾರಮಾಡಿ, 1912ರಲ್ಲಿ ವೈದ್ಯಶಾಸ್ತ್ರದ ಅಧ್ಯಯನಕ್ಕೆ ತೊಡಗಿದನು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ದೃಷ್ಟಿಯು ಚೆನ್ನಾಗಿಲ್ಲವೆಂದು ಮೊದಲು ಸೈನ್ಯದವರು ಆತನನ್ನು ಹಿಂದಕ್ಕೆ ಕಳುಹಿಸಿದರಾದರೂ, ಯುದ್ಧಭೂಮಿಯಲ್ಲಿ ವೈದ್ಯರ ಅಭಾವ ಹೆಚ್ಚಿದಾಗ ಸೇರಿಸಿಕೊಂಡರು. 1916ರ ಡಿಸೆಂಬರಿನಲ್ಲಿ ಪದವಿಯನ್ನು ಪಡೆದ ಬ್ಯಾಂಟಿಂಗನು ಸೇನಾವೈದ್ಯನಾಗಿ ಸಮುದ್ರವನ್ನು ದಾಟಿದನು.

1918ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಕ್ಯಾಂಬ್ರೆ ನಗರದ ಬಳಿ ಘೋರ ಕಾಳಗ ನಡೆಯುತ್ತಿದ್ದಾಗ ಸಿಡಿಗುಂಡಿನ ಚೂರೊಂದು ಆತನ ಬಲಗೈಯನ್ನು ಹೊಕ್ಕಿತು. ರಕ್ತ ಸುರಿಯುತ್ತಿದ್ದರೂ ಆತನು ತನ್ನ ಗಾಯಕ್ಕೆ ಬಟ್ಟೆಯನ್ನು ಕಟ್ಟಿಕೊಂಡು, ಇತರ ಗಾಯಾಳುಗಳ ಶುಶ್ರೂಷೆಯನ್ನು ಗಂಟೆಗಟ್ಟಲೆ ಮುಂದುವರಿಸಿದನು. ಈ ಧೈರ್ಯಕ್ಕಾಗಿ ಆತನಿಗೆ ಮಿಲಿಟರಿ ಕ್ರಾಸ್ ಎಂಬ ಗೌರವ ದೊರೆಯಿತು.

ಯುದ್ಧ ಮುಗಿದು ಊರಿಗೆ ಮರಳಿದ ವೀರನಿಗೆ ಶಾಂತಿಯ ಕಾಲವು ಹೆಚ್ಚು ಕಷ್ಟಕರವಾಯಿತು. ಟೊರಾಂಟೊ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿಯನ್ನು ಪಡೆದರೂ ಅಲ್ಲಿ ಖಾಯಂ ಹುದ್ದೆ ದೊರೆಯಲಿಲ್ಲ. 1920ರ ಜುಲೈ ತಿಂಗಳಲ್ಲಿ ಆತನು ಅದೇ ಪ್ರಾಂತದ ಲಂಡನ್ ಎಂಬ ಪಟ್ಟಣದಲ್ಲಿ ಮನೆಯೊಂದನ್ನು ಕೊಂಡು ಸ್ವಂತ ವೈದ್ಯಶಾಲೆಯನ್ನು ತೆರೆದನು. ಬಾಗಿಲಿನ ಮೇಲೆ ನಾಮಫಲಕವೇನೋ ತೂಗಿತು. ರೋಗಿಗಳು ಮಾತ್ರ ಬರಲಿಲ್ಲ. ಆ ತಿಂಗಳ ಅವನ ಸಂಪಾದನೆ ಕೇವಲ 4 ಡಾಲರುಗಳು. ಸಾಲದ ಹೊರೆಯನ್ನು ಹಗುರಮಾಡಿಕೊಳ್ಳಲು ಆತನು ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಗಂಟೆಯ ಲೆಕ್ಕದ ಸಂಬಳಕ್ಕೆ ಪಾಠ ಹೇಳತೊಡಗಿದನು. ವಿಧಿಯ ವಿಲಾಸವೆಂದರೆ, ಈ ಬಡತನವೇ ಮಹಾಶೋಧಕ್ಕೆ ಮೆಟ್ಟಿಲಾಯಿತು.

1920ರ ಅಕ್ಟೋಬರ್ ಕೊನೆಯ ಒಂದು ರಾತ್ರಿ. ದೇಹವು ಸಕ್ಕರೆಯನ್ನು ಹೇಗೆ ಬಳಸಿಕೊಳ್ಳುತ್ತದೆಂಬ ವಿಷಯವಾಗಿ ಬ್ಯಾಂಟಿಂಗನು ಪಾಠವನ್ನು ಸಿದ್ಧಪಡಿಸಬೇಕಾಗಿದ್ದಿತು. ಆ ವಿಷಯದಲ್ಲಿ ಆತನ ತಿಳಿವಳಿಕೆ ಅಷ್ಟಕ್ಕಷ್ಟೆ. ಓದುತ್ತ ಓದುತ್ತ ಆತನ ಕಣ್ಣಿಗೆ ವೈದ್ಯಪತ್ರಿಕೆಯ ಲೇಖನವೊಂದು ಬಿದ್ದಿತು. ಮೇದೋಜೀರಕ ಗ್ರಂಥಿಯ ನಾಳವು ಕಲ್ಲಿನಿಂದ ಮುಚ್ಚಿಹೋದಾಗ ಜೀರ್ಣರಸವನ್ನು ತಯಾರಿಸುವ ಜೀವಕೋಶಗಳು ನಾಶವಾಗಿ, ದ್ವೀಪದಂತಹ ಜೀವಕೋಶಗಳು ಮಾತ್ರ ಉಳಿದುಕೊಂಡವೆಂದು ಅದರಲ್ಲಿ ವರ್ಣಿಸಲಾಗಿತ್ತು. ಹಾಸಿಗೆಯಲ್ಲಿ ಮಲಗಿದರೂ ನಿದ್ರೆ ಹತ್ತಲಿಲ್ಲ. ನಡುರಾತ್ರಿ ಎರಡು ಗಂಟೆಯ ಹೊತ್ತಿಗೆ ಒಂದು ಯೋಚನೆ ಹೊಳೆಯಿತು. ಮುಂದೆ ಬೇಕಾದ ರಸವನ್ನು ಪಕ್ಕದಲ್ಲಿಯೇ ಇರುವ ಜೀರ್ಣರಸವು ನುಂಗಿಬಿಡುತ್ತಿದೆ. ನಾಳವನ್ನು ಬಿಗಿದು ಕಟ್ಟಿ ಜೀರ್ಣರಸದ ಜೀವಕೋಶಗಳನ್ನು ಮೊದಲು ನಾಶಪಡಿಸಿದರೆ ಉಳಿದ ಭಾಗದಿಂದ ಆ ಅಮೂಲ್ಯ ರಸವನ್ನು ತೆಗೆಯಬಹುದಲ್ಲವೆ? ಎದ್ದು ಕುಳಿತು ಟಿಪ್ಪಣಿಯ ಪುಸ್ತಕದಲ್ಲಿ ಕೆಲವೇ ಸಾಲುಗಳನ್ನು ಗೀಚಿದನು. ಅಲ್ಲಿಯೂ ರೋಗದ ಹೆಸರನ್ನು ತಪ್ಪಾಗಿಯೇ ಬರೆದನು!

ಈ ಯೋಚನೆಯನ್ನು ಹೊತ್ತು ಆತನು ಟೊರಾಂಟೊ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾಗಿದ್ದ ಮೆಕ್ಲಿಯಡ್‌ನನ್ನು ಕಂಡನು. ಮೆಕ್ಲಿಯಡ್‌ನು ಈ ವಿಷಯದಲ್ಲಿ ಜಗದ್ವಿಖ್ಯಾತ ವಿದ್ವಾಂಸ. ಎದುರಿಗೆ ಕುಳಿತವನೋ ಸಂಶೋಧನೆಯ ಅನುಭವವಿಲ್ಲದ, ಮಾತನಾಡಲು ತಡವರಿಸುವ ಹಳ್ಳಿಯ ತರುಣ. ಪ್ರಾಧ್ಯಾಪಕನಿಗೆ ನಂಬಿಕೆ ಹುಟ್ಟಲಿಲ್ಲ. ಆದರೂ ತರುಣನ ಹಟವನ್ನು ಕಂಡು, 1921ರ ಬೇಸಗೆಯಲ್ಲಿ ಪ್ರಯೋಗಶಾಲೆಯಲ್ಲಿ ಒಂದು ಕೋಣೆಯನ್ನೂ ಹತ್ತು ನಾಯಿಗಳನ್ನೂ ಒಬ್ಬ ಸಹಾಯಕನನ್ನೂ ಒದಗಿಸಲು ಒಪ್ಪಿದನು. ಸಹಾಯಕರಾಗಬಹುದಾಗಿದ್ದ ವಿದ್ಯಾರ್ಥಿಗಳಿಬ್ಬರು. ಅವರಲ್ಲಿ ಮೊದಲ ಸರದಿ ಯಾರದೆಂದು ನಾಣ್ಯವನ್ನು ಚಿಮ್ಮಿ ನಿರ್ಧರಿಸಿದರೆಂದು ಹೇಳುತ್ತಾರೆ. ಸರದಿ ಬಂದವನು ಚಾರ್ಲ್ಸ್ ಬೆಸ್ಟ್. ಆಗ ಆತನ ವಯಸ್ಸು ಇಪ್ಪತ್ತೆರಡನ್ನು ದಾಟಿರಲಿಲ್ಲ.

ಮೇ 17ರಂದು ಕೆಲಸ ಆರಂಭವಾಯಿತು. ಸ್ವಲ್ಪ ದಿನಗಳಲ್ಲಿ ಮೆಕ್ಲಿಯಡ್‌ನು ರಜೆಗಾಗಿ ಸ್ಕಾಟ್ಲೆಂಡಿಗೆ ತೆರಳಿದನು. ಆ ವರ್ಷ ಬಿಸಿಲು ಬೆಂಕಿಯಂತೆ ಸುಡುತ್ತಿದ್ದಿತು. ಶಸ್ತ್ರಕ್ರಿಯೆಗೆ ಒಳಗಾದ ನಾಯಿಗಳು ಒಂದಾದ ಮೇಲೊಂದರಂತೆ ಸತ್ತವು. ಕಟ್ಟಿದ ದಾರಗಳು ಸಡಿಲಗೊಂಡು ಪ್ರಯೋಗಗಳು ವಿಫಲವಾದುವು. ಬ್ಯಾಂಟಿಂಗನಿಗೆ ಸಂಬಳವಿರಲಿಲ್ಲ. ಆದರೂ ಇಬ್ಬರು ತರುಣರು ಬಿಡದೆ ದುಡಿದರು. ಕೊನೆಗೆ ಜುಲೈ 30ರಂದು, ಮಧುಮೇಹದಿಂದ ಬಳಲುತ್ತಿದ್ದ ನಾಯಿಯೊಂದಕ್ಕೆ ತಾವು ತಯಾರಿಸಿದ ಸಾರವನ್ನು ಚುಚ್ಚಿದರು. ಒಂದು ಗಂಟೆಯೊಳಗೆ ಅದರ ರಕ್ತದ ಸಕ್ಕರೆಯ ಪ್ರಮಾಣ ಬಹಳ ಇಳಿಯಿತು. ಆ ನಾಯಿ ಬದುಕುಳಿಯಲಿಲ್ಲ. ಆದರೆ ತಾವು ಹಿಡಿದ ದಾರಿ ಸರಿಯೆಂಬ ಧೈರ್ಯ ತರುಣರಿಗೆ ಬಂದಿತು. ಮುಂದೆ ಮಾರ್ಜರಿ ಎಂಬ ನಾಯಿಯೊಂದನ್ನು ಮೇದೋಜೀರಕ ಗ್ರಂಥಿಯಿಲ್ಲದೆಯೇ ಸುಮಾರು 70 ದಿನಗಳ ಕಾಲ ಬದುಕಿಸಿದರು. ಮನುಷ್ಯರ ಮಕ್ಕಳ ಪ್ರಾಣವನ್ನು ಉಳಿಸಲು ತಮ್ಮ ಪ್ರಾಣವನ್ನು ತೆತ್ತ ಆ ಮೂಕಪ್ರಾಣಿಗಳ ಋಣವನ್ನೂ ನಾವು ಮರೆಯಬಾರದು.

ಇಲ್ಲಿ ಒಂದು ಸ್ವಾರಸ್ಯವುಂಟು. ನಾಳವನ್ನು ಕಟ್ಟಬೇಕೆಂಬ ಬ್ಯಾಂಟಿಂಗನ ಮೂಲ ಯೋಚನೆ ವಾಸ್ತವವಾಗಿ ಅಗತ್ಯವೇ ಇರಲಿಲ್ಲ. ಕಸಾಯಿಖಾನೆಯಿಂದ ತಂದ ದನಕರುಗಳ ಗ್ರಂಥಿಯಿಂದಲೇ, ಮದ್ಯಸಾರವನ್ನು ಬಳಸಿ ಔಷಧವನ್ನು ತೆಗೆಯಬಹುದೆಂದು ಅವರ ಪ್ರಯೋಗಗಳಿಂದಲೇ ಗೊತ್ತಾಯಿತು. ಊಹೆಯಲ್ಲಿ ದೋಷವಿದ್ದರೂ ಪ್ರಯೋಗದಲ್ಲಿ ಪ್ರಾಮಾಣಿಕತೆ ಇದ್ದರೆ ಸತ್ಯವು ಒಲಿಯುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಆದರೆ ನಾಯಿಗೆ ಕೊಟ್ಟ ಸಾರವನ್ನು ಮನುಷ್ಯನಿಗೆ ಕೊಡುವುದು ಸುಲಭವಾಗಿರಲಿಲ್ಲ. ಅದರಲ್ಲಿ ಅನೇಕ ಕಲ್ಮಷಗಳಿದ್ದುವು. ಅದನ್ನು ಶುದ್ಧಿಗೊಳಿಸಲು 1921ರ ಡಿಸೆಂಬರಿನಲ್ಲಿ ಜೇಮ್ಸ್ ಕಾಲಿಪ್ ಎಂಬ ನಿಪುಣ ಜೀವರಸಾಯನ ವಿಜ್ಞಾನಿಯು ಬಂದು ಸೇರಿದನು. ಅದೇ ತಿಂಗಳ ಕೊನೆಯಲ್ಲಿ ವಿದ್ವಾಂಸರ ಸಭೆಯೊಂದರಲ್ಲಿ ಬ್ಯಾಂಟಿಂಗನು ತನ್ನ ಕೆಲಸವನ್ನು ವಿವರಿಸಬೇಕಾಗಿ ಬಂದಾಗ ಆತನ ನಾಲಗೆ ತೊಡರಿತು. ಸಭಿಕರ ಪ್ರಶ್ನೆಗಳಿಗೆ ಮೆಕ್ಲಿಯಡ್‌ನೇ ಉತ್ತರ ಕೊಡಬೇಕಾಯಿತು. ತನ್ನ ಶ್ರಮದ ಫಲವನ್ನು ಇತರರು ಕೊಂಡೊಯ್ಯುತ್ತಿದ್ದಾರೆಂಬ ಸಂದೇಹ ಬ್ಯಾಂಟಿಂಗನ ಮನಸ್ಸನ್ನು ಕುಟುಕತೊಡಗಿತು.

1922ನೆಯ ಜನವರಿ 11. ಟೊರಾಂಟೊ ನಗರದ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನು ಸಾವಿನ ಬಾಗಿಲಲ್ಲಿದ್ದನು. ಆತನ ತೂಕ ಸುಮಾರು 29 ಕಿಲೋಗ್ರಾಂ ಮಾತ್ರ. ಹೆತ್ತವರ ಒಪ್ಪಿಗೆಯನ್ನು ಪಡೆದು, ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ್ದ ಸಾರವನ್ನು ಆತನಿಗೆ ಚುಚ್ಚಲಾಯಿತು. ಫಲ ನಿರಾಶಾದಾಯಕವಾಯಿತು. ಸಕ್ಕರೆ ಸ್ವಲ್ಪವೇ ಇಳಿಯಿತು. ಚುಚ್ಚಿದ ಜಾಗದಲ್ಲಿ ಕೀವು ತುಂಬಿತು. ಆಗ ಕಾಲಿಪ್‌ನು ಹಗಲಿರುಳು ದುಡಿದು ಹೆಚ್ಚು ಶುದ್ಧವಾದ ಸಾರವನ್ನು ಸಿದ್ಧಪಡಿಸಿದನು. ಜನವರಿ 23ರಂದು ಅದನ್ನು ಬಾಲಕನಿಗೆ ಕೊಡತೊಡಗಿದರು. ರಕ್ತದಲ್ಲಿ 100 ಮಿಲಿಲೀಟರಿಗೆ 520 ಮಿಲಿಗ್ರಾಂ ಇದ್ದ ಸಕ್ಕರೆ 120ಕ್ಕೆ ಇಳಿಯಿತು. ಬಾಡಿದ ಮುಖದಲ್ಲಿ ಕಳೆ ಮೂಡಿತು. ಬಾಲಕನು ಎದ್ದು ಕುಳಿತನು. ಆತನು ಮುಂದೆ ಹದಿಮೂರು ವರ್ಷ ಬದುಕಿದನು.

ದ್ವೀಪವೆಂಬ ಅರ್ಥವುಳ್ಳ ಲ್ಯಾಟಿನ್ ಶಬ್ದದಿಂದ ಈ ಔಷಧಕ್ಕೆ ಇನ್ಸುಲಿನ್ ಎಂಬ ಹೆಸರು ಬಂದಿತು. ಸುದ್ದಿ ಹರಡಿದಂತೆ ದೇಶದೇಶಗಳಿಂದ ತಂದೆತಾಯಿಗಳ ಮೊರೆ ಕೇಳಿಬಂದಿತು. ಆದರೆ ಔಷಧ ತಯಾರಾಗುತ್ತಿದ್ದುದು ಬಹು ಸ್ವಲ್ಪ. ಅಮೆರಿಕದ ಮಂತ್ರಿಯೊಬ್ಬನ ಮಗಳಾದ ಎಲಿಜಬೆತ್ ಹ್ಯೂಸ್ ಎಂಬ ಬಾಲಕಿಯನ್ನು 1922ರ ಆಗಸ್ಟಿನಲ್ಲಿ ಬ್ಯಾಂಟಿಂಗನ ಬಳಿಗೆ ಕರೆತಂದಾಗ, ಹದಿನೈದರ ಹತ್ತಿರದ ಆ ಹುಡುಗಿಯ ತೂಕ ಸುಮಾರು 20 ಕಿಲೋಗ್ರಾಂ ಆಗಿದ್ದಿತು. ಉಪವಾಸವೊಂದರಿಂದಲೇ ಮೂರು ವರ್ಷ ಜೀವ ಹಿಡಿದಿದ್ದ ಅವಳು ಇನ್ಸುಲಿನ್ನಿನ ಬಲದಿಂದ ಚೇತರಿಸಿಕೊಂಡು, ಮುಂದೆ ಗೃಹಿಣಿಯಾಗಿ, ತಾಯಿಯಾಗಿ 1981ರವರೆಗೆ ಬಾಳಿದಳು.

ಇಂತಹ ಔಷಧದ ಒಡೆತನವನ್ನು ಇಟ್ಟುಕೊಂಡಿದ್ದರೆ ಅದನ್ನು ಕಂಡುಹಿಡಿದವರು ಕೋಟ್ಯಧೀಶರಾಗಬಹುದಾಗಿತ್ತು. ಆದರೆ ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ತಮ್ಮ ಹಕ್ಕನ್ನು ಕೇವಲ ಒಂದೊಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ಮಾರಿಬಿಟ್ಟರು. ಮನುಷ್ಯರ ಪ್ರಾಣವನ್ನು ಉಳಿಸುವ ವಸ್ತುವಿನಿಂದ ವೈದ್ಯನು ಲಾಭವನ್ನು ಗಳಿಸುವುದು ಸಲ್ಲದೆಂಬುದು ಬ್ಯಾಂಟಿಂಗನ ನಿಲುವಾಗಿತ್ತು. ಒಂದು ತಿಂಗಳಿಗೆ ನಾಲ್ಕು ಡಾಲರುಗಳನ್ನು ಸಂಪಾದಿಸಿ ಕಂಗೆಟ್ಟಿದ್ದವನು ಇವನೇ ಎಂಬುದನ್ನು ನೆನೆದರೆ ಈ ತ್ಯಾಗದ ಬೆಲೆ ತಿಳಿಯುತ್ತದೆ.

1923ರಲ್ಲಿ ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್ ಇವರಿಗೆ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆಗ ಬ್ಯಾಂಟಿಂಗನಿಗೆ ಮೂವತ್ತೆರಡರ ಪ್ರಾಯ. ವೈದ್ಯಶಾಸ್ತ್ರದಲ್ಲಿ ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ಗೌರವವನ್ನು ಪಡೆದವರು ಬೇರೆ ಯಾರೂ ಇಲ್ಲ. ಆದರೆ ಆತನಿಗೆ ಸಂತೋಷಕ್ಕಿಂತ ಕೋಪವೇ ಹೆಚ್ಚಾಯಿತು. ಬೇಸಗೆಯ ಬೇಗೆಯಲ್ಲಿ ತನ್ನೊಡನೆ ದುಡಿದ ಬೆಸ್ಟ್‌ನ ಹೆಸರು ಇಲ್ಲದಿರುವುದು ಅನ್ಯಾಯವೆಂದು ಭಾವಿಸಿ, ತನ್ನ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟ್‌ನಿಗೆ ಕೊಟ್ಟನು. ಇದನ್ನು ಕಂಡು ಮೆಕ್ಲಿಯಡ್‌ನೂ ತನ್ನ ಪಾಲಿನ ಅರ್ಧವನ್ನು ಕಾಲಿಪ್‌ನೊಡನೆ ಹಂಚಿಕೊಂಡನು. ಬ್ಯಾಂಟಿಂಗನು ಮುಂಗೋಪಿ, ಮೆಕ್ಲಿಯಡ್‌ನ ವಿಷಯದಲ್ಲಿ ಆತನು ತೋರಿದ ಕಹಿ ನ್ಯಾಯವಾದುದಾಗಿರಲಿಲ್ಲ. ಮೆಕ್ಲಿಯಡ್‌ನ ವಿದ್ವತ್ತೂ ಕಾಲಿಪ್‌ನ ಕೈಚಳಕವೂ ಇಲ್ಲದಿದ್ದರೆ ಇನ್ಸುಲಿನ್ ರೋಗಿಗಳನ್ನು ಅಷ್ಟು ಬೇಗ ತಲುಪುತ್ತಿರಲಿಲ್ಲ. ಆದರೆ ಬ್ಯಾಂಟಿಂಗನ ಛಲವಿಲ್ಲದಿದ್ದರೆ ಆ ಕೆಲಸ ಅಲ್ಲಿ ಆರಂಭವೇ ಆಗುತ್ತಿರಲಿಲ್ಲ. ಮಹಾಕಾರ್ಯಗಳು ದೋಷರಹಿತರಾದ ಮಹಾತ್ಮರಿಂದಲೇ ಆಗುವುದಿಲ್ಲ. ನಮ್ಮಂತೆಯೇ ಗುಣದೋಷಗಳುಳ್ಳ ಹಲವರು ಕೂಡಿ ದುಡಿದಾಗ ಆಗುತ್ತವೆ.

ಇನ್ಸುಲಿನ್ ಮಧುಮೇಹವನ್ನು ಬೇರುಸಹಿತ ಕೀಳುವುದಿಲ್ಲ. ಅದು ರೋಗವನ್ನು ಹತೋಟಿಯಲ್ಲಿಡುವ ಚಿಕಿತ್ಸೆ ಮಾತ್ರ. ಬ್ಯಾಂಟಿಂಗನು ಇದನ್ನು ಮೊದಲೇ ಸ್ಪಷ್ಟಪಡಿಸಿದ್ದನು. ಈ ಸತ್ಯವನ್ನು ಮರೆತು, ಸಕ್ಕರೆ ಇಳಿಯಿತೆಂದು ಚುಚ್ಚುಮದ್ದನ್ನು ತಾವಾಗಿಯೇ ನಿಲ್ಲಿಸುವವರು ಅಪಾಯಕ್ಕೆ ಸಿಕ್ಕಿಕೊಳ್ಳುತ್ತಾರೆ. ಇನ್ಸುಲಿನ್ ಒಂದು ಬಗೆಯ ಸಸಾರಜನಕ ವಸ್ತು. ನುಂಗಿದರೆ ಹೊಟ್ಟೆಯಲ್ಲಿ ಆಹಾರದಂತೆ ಜೀರ್ಣವಾಗಿಬಿಡುತ್ತದೆ. ಆದುದರಿಂದ ಅದನ್ನು ಚರ್ಮದ ಅಡಿಗೆ ಚುಚ್ಚಬೇಕು. ಬಿಸಿಲಿನ ತಾಪಕ್ಕೆ ಅದು ಕೆಡುತ್ತದೆ. ಶೀತಕಪೆಟ್ಟಿಗೆಯಿಲ್ಲದ ಮನೆಗಳಲ್ಲಿ ನೀರಿನಿಂದ ತಂಪಾಗಿಟ್ಟ ಮಣ್ಣಿನ ಮಡಕೆಗಳು ಅದನ್ನು ಕಾಪಾಡುತ್ತವೆ. ಪ್ರಮಾಣ ಹೆಚ್ಚಾದರೆ ಅಥವಾ ಚುಚ್ಚಿಕೊಂಡ ಮೇಲೆ ಊಟ ತಪ್ಪಿದರೆ ರಕ್ತದ ಸಕ್ಕರೆ ಅತಿಯಾಗಿ ಇಳಿದು, ಮೈ ಬೆವರಿ ನಡುಗುತ್ತದೆ, ಪ್ರಜ್ಞೆಯೂ ತಪ್ಪಬಹುದು. ಎಚ್ಚರವಿದ್ದಾಗಲೇ ತಿನ್ನಿಸುವ ಒಂದು ಚೂರು ಬೆಲ್ಲ ಅಥವಾ ಸಕ್ಕರೆ ಆಗ ರೋಗಿಯನ್ನು ಕಾಪಾಡುತ್ತದೆ.

ಸಿಹಿಯನ್ನು ತಿಂದುದರಿಂದಲೇ ಮಧುಮೇಹ ಬರುತ್ತದೆಂದು ಹಲವರು ನಂಬಿದ್ದಾರೆ. ಅದು ಪೂರ್ಣಸತ್ಯವಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯಲ್ಲಿ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಇನ್ಸುಲಿನ್ನನ್ನು ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಇವರಿಗೆ ಇನ್ಸುಲಿನ್ ಅನಿವಾರ್ಯ. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಬಗೆಯಲ್ಲಿ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ತೂಬು ತುಕ್ಕು ಹಿಡಿದಂತೆ ಆಗುತ್ತದೆ. ವಂಶದ ಗುಣ, ಬೊಜ್ಜು, ಮೈಮುರಿದು ದುಡಿಯದ ಜೀವನ ಇದಕ್ಕೆ ಕಾರಣಗಳು. ಇಂತಹವರಿಗೆ ಪಥ್ಯ, ವ್ಯಾಯಾಮಗಳೊಡನೆ ಮಾತ್ರೆಗಳನ್ನು ಕೊಡುತ್ತಾರೆ. 1957ರಲ್ಲಿ ಫ್ರಾನ್ಸಿನಲ್ಲಿ ಬಳಕೆಗೆ ಬಂದ ಮೆಟ್‌ಫಾರ್ಮಿನ್ ಎಂಬ ಮಾತ್ರೆ ಯಕೃತ್ತು ರಕ್ತಕ್ಕೆ ಸುರಿಯುವ ಸಕ್ಕರೆಯನ್ನು ಕಡಿಮೆ ಮಾಡುತ್ತದೆ. ಮತ್ತೆ ಕೆಲವು ಮಾತ್ರೆಗಳು ಗ್ರಂಥಿಯಿಂದ ಹೆಚ್ಚು ಇನ್ಸುಲಿನ್ ಹೊರಬರುವಂತೆ ಮಾಡುತ್ತವೆ. ಕಾಲಕ್ರಮದಲ್ಲಿ ಇವರಲ್ಲಿ ಹಲವರಿಗೆ ಇನ್ಸುಲಿನ್ನೂ ಬೇಕಾಗಬಹುದು.

ಸಕ್ಕರೆಯನ್ನು ವರ್ಷಗಟ್ಟಲೆ ಅಲಕ್ಷಿಸಿದರೆ ಕಣ್ಣು, ಮೂತ್ರಪಿಂಡ, ನರಗಳು ಕೆಡುತ್ತವೆ. ಕಾಲಿನ ನರಗಳು ಹಾಳಾದಾಗ ಅಂಗಾಲು ಉರಿಯುತ್ತದೆ. ರಾತ್ರಿಯೆಲ್ಲ ಚುಚ್ಚಿದಂತೆ ನೋಯುತ್ತದೆ. ಇದು ಗಾಯದಿಂದ ಹುಟ್ಟಿದ ನೋವಲ್ಲ. ಕೆಟ್ಟ ನರಗಳು ಮಿದುಳಿಗೆ ಕಳುಹಿಸುವ ಸುಳ್ಳು ಸಂದೇಶ. ಆದುದರಿಂದ ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ಹೆಚ್ಚು ಉಪಯೋಗವಿಲ್ಲ. ಅಂಗಡಿಯಿಂದ ತಂದು ದಿನವೂ ನುಂಗುವ ಅಂತಹ ಮಾತ್ರೆಗಳಲ್ಲಿ ಹಲವು ಮೂತ್ರಪಿಂಡಗಳಿಗೆ ಕೇಡನ್ನೂ ಉಂಟುಮಾಡುತ್ತವೆ. ಮೂರ್ಛೆರೋಗಕ್ಕೂ ಮನಸ್ಸಿನ ಖಿನ್ನತೆಗೂ ಕೊಡುವ ಕೆಲವು ಔಷಧಗಳು ನರಗಳ ಈ ಸಂದೇಶವನ್ನು ತಗ್ಗಿಸುವುದರಿಂದ ವೈದ್ಯರು ಅವನ್ನು ಅಲ್ಪ ಪ್ರಮಾಣದಿಂದ ಆರಂಭಿಸಿ ಕೊಡುತ್ತಾರೆ. ಕೆಲವರಲ್ಲಿ ನೋವಿಗೆ ಬದಲಾಗಿ ಕಾಲಿನ ಸ್ಪರ್ಶಜ್ಞಾನವೇ ಹೋಗುತ್ತದೆ. ಕಬ್ಬಿನ ಗದ್ದೆಯಲ್ಲಿ ಬರಿಗಾಲಿನಲ್ಲಿ ದುಡಿಯುವ ರೈತನಿಗೆ ಕೂಳೆ ಚುಚ್ಚಿದರೂ ಆಗ ತಿಳಿಯದು. ತಿಳಿಯುವ ಹೊತ್ತಿಗೆ ಗಾಯ ಕೊಳೆತು ಕಾಲನ್ನೇ ಕಳೆದುಕೊಳ್ಳುವ ಸಂದರ್ಭ ಬರಬಹುದು. ಪ್ರತಿದಿನ ಪಾದಗಳನ್ನು ನೋಡಿಕೊಳ್ಳುವುದೂ ಪಾದರಕ್ಷೆಯನ್ನು ಧರಿಸುವುದೂ ಔಷಧದಷ್ಟೇ ಮುಖ್ಯ.

ಕೀರ್ತಿ ಬಂದ ಮೇಲೆ ಬ್ಯಾಂಟಿಂಗನು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಕೆನಡಾ ಸರ್ಕಾರ ಆತನಿಗೆ ಜೀವಾವಧಿ ವರ್ಷಾಶನವನ್ನು ನೀಡಿತು. ವಿಶ್ವವಿದ್ಯಾನಿಲಯವು ಆತನ ಹಾಗೂ ಬೆಸ್ಟ್‌ನ ಹೆಸರಿನಲ್ಲಿ ಸಂಶೋಧನ ವಿಭಾಗವನ್ನು ತೆರೆಯಿತು. ಆತನು ಗಣಿಗಳ ಧೂಳಿನಿಂದ ಬರುವ ಶ್ವಾಸಕೋಶದ ರೋಗದ ಬಗ್ಗೆಯೂ ಅರ್ಬುದ ರೋಗದ ಬಗ್ಗೆಯೂ ಸಂಶೋಧನೆಗಳನ್ನು ನಡೆಸಿದನು, ನಡೆಸಿದವರಿಗೆ ನೆರವಾದನು. ಬಿಡುವಿನಲ್ಲಿ ಚಿತ್ರಗಳನ್ನು ಬರೆಯುವುದು ಆತನಿಗೆ ಬಹು ಪ್ರಿಯವಾದ ಹವ್ಯಾಸ. 1927ರಲ್ಲಿ ಎ. ವೈ. ಜಾಕ್ಸನ್ ಎಂಬ ಪ್ರಸಿದ್ಧ ಚಿತ್ರಕಾರನೊಡನೆ ಉತ್ತರಧ್ರುವ ಪ್ರದೇಶದವರೆಗೂ ಹೋಗಿ ಹಿಮದ ದೃಶ್ಯಗಳನ್ನು ಚಿತ್ರಿಸಿದನು. 1934ರಲ್ಲಿ ಆತನಿಗೆ ಸರ್ ಎಂಬ ಬಿರುದು ಬಂದಿತು.

ಎರಡನೆಯ ಮಹಾಯುದ್ಧ ಆರಂಭವಾದಾಗ ಆತನು ಮತ್ತೆ ಸೈನ್ಯದ ವೈದ್ಯಕೀಯ ಸೇವೆಗೆ ನಿಂತನು. ಅತಿ ವೇಗವಾಗಿ ಹಾರುವ ವಿಮಾನ ಚಾಲಕರ ದೇಹದ ಮೇಲಾಗುವ ಪರಿಣಾಮಗಳನ್ನು ಕುರಿತ ಸಂಶೋಧನೆಗೆ ಬೆಂಬಲ ನೀಡಿದನು. 1941ರ ಫೆಬ್ರವರಿಯಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಆತನ ವಿಮಾನವು ನ್ಯೂಫೌಂಡ್‌ಲೆಂಡಿನ ಹಿಮಾವೃತ ಕಾಡಿನಲ್ಲಿ ಉರುಳಿಬಿದ್ದಿತು. ತೀವ್ರವಾಗಿ ಗಾಯಗೊಂಡ ಬ್ಯಾಂಟಿಂಗನು ಫೆಬ್ರವರಿ 21ರಂದು ತೀರಿಕೊಂಡನು. ವಿಮಾನದಲ್ಲಿದ್ದ ನಾಲ್ವರಲ್ಲಿ ಚಾಲಕನೊಬ್ಬನು ಮಾತ್ರ ಬದುಕುಳಿದನು. ಬ್ಯಾಂಟಿಂಗನಿಗೆ ಇನ್ನೂ ಐವತ್ತು ತುಂಬಿರಲಿಲ್ಲ.

ಆತನು ತೋರಿದ ದಾರಿಯಲ್ಲಿ ಬೇರೆಯವರು ಮುಂದೆ ನಡೆದರು. 1955ರ ಹೊತ್ತಿಗೆ ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಇನ್ಸುಲಿನ್ನಿನ ರಚನೆಯನ್ನು ಬಿಡಿಸಿ ತೋರಿಸಿದನು. ಪ್ರಾಣಿಗಳ ಗ್ರಂಥಿಗಳನ್ನು ನಂಬಿಕೊಳ್ಳದೆ ಸೂಕ್ಷ್ಮಜೀವಿಗಳಿಂದಲೇ ಮಾನವ ಇನ್ಸುಲಿನ್ನನ್ನು ತಯಾರಿಸುವ ವಿಧಾನ 1978ರಲ್ಲಿ ಸಿದ್ಧಿಸಿತು. 1982ರಲ್ಲಿ ಅದು ಮಾರುಕಟ್ಟೆಗೆ ಬಂದಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯೂ ಇಂತಹ ಇನ್ಸುಲಿನ್ನನ್ನು ತಯಾರಿಸಿ ಬಿಡುಗಡೆ ಮಾಡಿತು. ಟೊರಾಂಟೊ ನಗರದ ಒಂದು ಕೋಣೆಯಲ್ಲಿ ಹನಿಹನಿಯಾಗಿ ದೊರೆತ ಔಷಧವು ಹೀಗೆ ಕನ್ನಡನಾಡಿನಲ್ಲಿಯೇ ತಯಾರಾಗುವಂತಾಯಿತು.

ಬ್ಯಾಂಟಿಂಗನ ಜನ್ಮದಿನವಾದ ನವೆಂಬರ್ 14ನ್ನು 1991ರಿಂದ ವಿಶ್ವ ಮಧುಮೇಹ ದಿನವೆಂದು ಆಚರಿಸಲಾಗುತ್ತಿದೆ. ಅದೇ ದಿನ ನಮ್ಮ ದೇಶದಲ್ಲಿ ಜವಾಹರಲಾಲ್ ನೆಹರೂ ಅವರ ಜನ್ಮದಿನ, ಮಕ್ಕಳ ದಿನ. ಇದು ಕೇವಲ ಕಾಕತಾಳೀಯವಾದರೂ ಎಷ್ಟು ಅರ್ಥಪೂರ್ಣವಾದುದು! ನಮ್ಮ ಶಾಲೆಗಳಲ್ಲಿ ದಿನಕ್ಕೆ ಹಲವು ಬಾರಿ ಇನ್ಸುಲಿನ್ ಚುಚ್ಚಿಕೊಂಡು, ಇತರರಂತೆಯೇ ಆಡಿ ಓದುವ ಮಕ್ಕಳಿದ್ದಾರೆ. ಇನ್ಸುಲಿನ್ ಇಲ್ಲದ ಕಾಲದಲ್ಲಿ ಇದ್ದಿದ್ದರೆ ಅವರು ಬಾಳುವಂತಿರಲಿಲ್ಲ. ಅವರನ್ನು ಕನಿಕರದಿಂದಾಗಲಿ ಕುತೂಹಲದಿಂದಾಗಲಿ ನೋಡದೆ, ಹೊತ್ತಿಗೆ ಸರಿಯಾಗಿ ಉಣ್ಣಲು, ಔಷಧ ತೆಗೆದುಕೊಳ್ಳಲು ನೆರವಾಗುವುದು ಸಹಪಾಠಿಗಳ ಕರ್ತವ್ಯ.

ಬ್ಯಾಂಟಿಂಗನಿಗೆ ಆ ಯೋಚನೆ ಹೊಳೆದ ಮನೆಯ ಅಂಗಳದಲ್ಲಿ 1989ರಲ್ಲಿ ಒಂದು ಜ್ಯೋತಿಯನ್ನು ಹೊತ್ತಿಸಲಾಯಿತು. ಮಧುಮೇಹವನ್ನು ಸಂಪೂರ್ಣವಾಗಿ ಗುಣಪಡಿಸುವ ಉಪಾಯ ದೊರೆಯುವವರೆಗೂ ಅದನ್ನು ಉರಿಸಬೇಕೆಂಬುದು ಸಂಕಲ್ಪ. ದೀಪವು ಎಂದೆಂದಿಗೂ ಆರದಿರಲೆಂದು ಹಾರೈಸುವುದು ಲೋಕದ ರೂಢಿ. ಈ ದೀಪವನ್ನಾದರೋ ಒಂದು ದಿನ ಆರಿಸಬೇಕೆಂದೇ ಹೊತ್ತಿಸಿದ್ದಾರೆ. ಅದನ್ನು ಆರಿಸುವ ಭಾಗ್ಯ ಯಾವ ದೇಶದ, ಯಾವ ಊರಿನ ವಿದ್ಯಾರ್ಥಿಗೆ ಕಾದಿದೆಯೋ ಯಾರು ಬಲ್ಲರು? ಅಲಿಸ್ಟನ್ನಿನ ಹೊಲದಲ್ಲಿ ಬೆಳೆದ, ಪರೀಕ್ಷೆಯಲ್ಲಿ ಸೋತ, ಬರಹದಲ್ಲಿ ತಪ್ಪುತ್ತಿದ್ದ ಹುಡುಗನಿಂದ ಅರ್ಧ ಕೆಲಸ ಆಗಿದೆ. ಉಳಿದರ್ಧವು ಮದ್ದೂರಿನ ಅಥವಾ ಮಳವಳ್ಳಿಯ ಹಳ್ಳಿಯೊಂದರ ಬಾಲಕನಿಂದಲೋ ಬಾಲಕಿಯಿಂದಲೋ ಆಗಬಾರದೆಂದೇನೂ ಇಲ್ಲ.